ಹಾಕಿ ನೋಡದೆ ಮುಗಿಯಿತು ಅನ್ನಬೇಡಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಗೋದಾಮಿನಿಂದ ಮೇಲಿನ ಮಹಡಿಗೆ ಕರೆತಂದ ವ್ಯವಸ್ಥಾಪಕರೇ, ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಹನ್ನೊಂದು ವರ್ಷ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದವನು ನಾನು. ಈಗ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಕೆಲಸದ ಹೊರಗೆ, ಗುರುವಿಲ್ಲದೆ ಇದನ್ನು ಹೇಗೆ ಕಲಿತಿರಿ, ಕಿರಿಯರಿಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಗುರುವಿಲ್ಲದೆ ಎಂಬುದು ಸುಳ್ಳು. ಗುರು ಮನೆಯಲ್ಲೇ ಇದ್ದಳು. ನನ್ನ ಹೆಂಡತಿ. ಬಟ್ಟೆ ಹೊಲಿಯುವವಳು, ಕಂಪ್ಯೂಟರ್ ಕಲಿತವಳಲ್ಲ.

ಮೊದಲ ವರ್ಷ ನಾನು ಪಾಠದ ವಿಡಿಯೋಗಳನ್ನು ನೋಡಿದ್ದೇ ನೋಡಿದ್ದು. ಒಂದು ಮುಗಿಯುವ ಮೊದಲೇ ಇನ್ನೊಂದು. ಏನು ಬಂತು? ಏನೂ ಬರಲಿಲ್ಲ. ಒಂದು ದಿನ ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

“ರೀ, ಬೇರೆಯವರು ಹೊಲಿಯೋದನ್ನ ನೋಡ್ತಾ ಕೂತ್ರೆ ನಿಮಗೆ ಅಂಗಿ ಹೊಲಿಯಕ್ಕೆ ಬಂದ್ಬಿಡುತ್ತಾ? ನನ್ನ ಹತ್ರ ಕಲಿಯಕ್ಕೆ ಬರೋರಿಗೆ ಮೊದಲ ವಾರ ಬರೀ ಗುಂಡಿಗೆ ಕಾಜಾ. ಕೋಟಿನ ಮಾತೆತ್ತಿದ್ರೆ ಮನೆಗೆ ಕಳಿಸ್ತೀನಿ.”

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬೀರುವಿನ ಬಾಗಿಲ ಮೇಲೆ ನನ್ನ ವಾರವನ್ನು ಬರೆದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಂದು ಗಂಟೆ. ಸೋಮವಾರ, ಮಂಗಳವಾರ ಒಂದೇ ಒಂದು ಹೊಸ ವಿಷಯ. ಬುಧವಾರದಿಂದ ಶುಕ್ರವಾರ ಅದರಲ್ಲೇ ಏನಾದರೂ ಚಿಕ್ಕದನ್ನು ಕಟ್ಟುವುದು. ಶನಿವಾರ ಅದನ್ನು ಬಿಚ್ಚಿ, ಪಾಠ ನೋಡದೆ ಮತ್ತೆ ಕಟ್ಟುವುದು. ಭಾನುವಾರ ಅವಳಿಗೆ ತೋರಿಸುವುದು.

“ಗಿರಾಕಿ ಹಾಕಿ ನೋಡದೆ ಬಟ್ಟೆ ಮುಗೀತು ಅನ್ಬಾರ್ದು. ಅವರು ಕೈ ಎತ್ತುವಾಗ ನಾವು ಎದುರಿಗೆ ನಿಂತಿರ್ಬೇಕು. ಬಾಯಲ್ಲಿ ಚೆನ್ನಾಗಿದೆ ಅಂತಾರೆ, ಕಂಕುಳಲ್ಲಿ ಬಿಗಿ ಇರುತ್ತೆ.”

ಎರಡು ವರ್ಷ ಹೀಗೇ ನಡೆಯಿತು. ಭಾನುವಾರ ಅವಳು ಒತ್ತಬಾರದ ಕಡೆಯೆಲ್ಲ ಒತ್ತುವಳು. “ಇದ್ಯಾಕೆ ನಿಮ್ಮ ಹಾಗೆ ಸುಮ್ನೆ ಕೂತಿದೆ?” ಎನ್ನುವಳು. ನಾನು ಕಲಿತದ್ದೆಲ್ಲ ಆ ಪ್ರಶ್ನೆಗಳಿಂದಲೇ.

ಆಮೇಲೆ ಅವಳು ಆಸ್ಪತ್ರೆ ಸೇರಿದಳು. ನಾನು ಅವಳ ಅಂಗಡಿಗೊಂದು ಪುಟ ಕಟ್ಟಿದೆ. ಅವಳು ಹೊಲಿದ ಬಟ್ಟೆಗಳ ಚಿತ್ರ, ಅಂಗಡಿ ತೆರೆಯುವ ವೇಳೆ, ಎಲ್ಲಕ್ಕಿಂತ ಮೇಲೆ ಅವಳ ಹೆಸರು. ಹೆಸರನ್ನು ನೀಲಿಯಲ್ಲಿ ಬರೆಯುತ್ತೇನೆ ಎಂದು ಅವಳಿಗೆ ಹೇಳಿದ್ದೆ. ಕೊನೆಯಲ್ಲಿ ಮನಸ್ಸು ಬದಲಾಗಿ ಹಸಿರು ಮಾಡಿದೆ. ಭಾನುವಾರ ಬೆಳಿಗ್ಗೆ ಪುಟದ ವಿಳಾಸವನ್ನು ಅವಳ ಫೋನಿಗೆ ಕಳಿಸಿದೆ. ಸಂಜೆ ಹೋದಾಗ ಹೇಳಿದಳು, “ನೋಡ್ದೆ ರೀ. ತುಂಬಾ ಚೆನ್ನಾಗಿದೆ. ಆ ನೀಲಿ ನನ್ನ ಹೆಸರಿಗೆ ಒಪ್ಪುತ್ತೆ.”

ಔಷಧಿಯ ಮಂಪರು ಎಂದುಕೊಂಡೆ. ಬುಧವಾರ ಅವಳು ಹೋದಳು.

ತಿಂಗಳು ಕಳೆದ ಮೇಲೆ ಅವಳ ಫೋನಿನಲ್ಲಿ ಆ ವಿಳಾಸ ಒತ್ತಿದೆ. ಪುಟ ತೆರೆಯಲಿಲ್ಲ. ನಾನು ಕಳಿಸಿದ್ದು ನನ್ನ ಕಂಪ್ಯೂಟರಿನ ಒಳಗಿನ ವಿಳಾಸ. ಅಭ್ಯಾಸಕ್ಕೆಂದು ಇರುವಂಥದ್ದು, ಆ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಹೊಸಬರು ಮಾಡುವ ತಪ್ಪು. ಮೇಲಿನ ಮಹಡಿಯವರು ಇದಕ್ಕೆ ನಗುತ್ತಾರೆ. ನಗುವಂಥದ್ದೇ. ಆದರೆ ಅವಳು ಅದನ್ನು ಎಷ್ಟು ಸಲ ಒತ್ತಿರಬಹುದು? ಆ ಸಂಜೆ ನಾನು ಪಕ್ಕದಲ್ಲೇ ಕುಳಿತಿದ್ದೆ. ಎಲ್ಲಿ, ತೆರೆದು ತೋರಿಸು ಎಂದು ಯಾಕೆ ಕೇಳಲಿಲ್ಲ? ಚೆನ್ನಾಗಿದೆ ಎಂದುಬಿಟ್ಟಿದ್ದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ವೇಳಾಪಟ್ಟಿ ಬೇಕಾದವರು ಬರೆದುಕೊಳ್ಳಿ. ಯಾವ ದಿನ ತಪ್ಪಿದರೂ ಭಾನುವಾರ ತಪ್ಪಿಸಬೇಡಿ.

ಅವಳ ಅಂಗಡಿ ಮುಚ್ಚಿದೆ. ಪುಟವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಹಳೆಯ ಕೈಚಳಕ, ವಿಳಾಸದ ಚೀಟಿಯನ್ನು ಈ ಸಭಾಂಗಣದ ಬಾಗಿಲಿಗೆ ಅಂಟಿಸಿದ್ದೇನೆ. ಊಟಕ್ಕೆ ಹೋಗುವಾಗ ಯಾರಾದರೊಬ್ಬರು ನನ್ನ ಎದುರಿಗೆ ನಿಂತು ಅದನ್ನು ತೆರೆಯಿರಿ. ತೆರೆಯದಿದ್ದರೆ ತೆರೆಯಲಿಲ್ಲ ಎನ್ನಿ, ಚೆನ್ನಾಗಿದೆ ಎನ್ನಬೇಡಿ. ಹಸಿರನ್ನು ತೆಗೆದಿದ್ದೇನೆ. ಅವಳು ನೋಡಿದೆನೆಂದ ನೀಲಿಯನ್ನೇ ಹಾಕಿದ್ದೇನೆ. ಅದು ಕಾಣುತ್ತದೆಯೇ, ಅಷ್ಟು ಹೇಳಿ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.