ಕಬಡ್ಡಿ ಮಾಸ್ತರ ಚೀಟಿ

೧೯೬೧ರಲ್ಲಿ ಒಮ್ಮೆ ಹೊನ್ನಾವರದ ಬಂದರಿನಲ್ಲಿ ಹೊಳೆ ದಾಟುವ ಲಾಂಚಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಾಲೇಜೊಂದರ ಜವಾನ ಸುಬ್ರಾಯ, ಅವನ ತಂಗಿ ನಾಗವೇಣಿ. ಅದೇ ಕಾಲೇಜಿನ ಹಾಸ್ಟೆಲ್ ಬಿಟ್ಟ ತನ್ನ ಮಗನ ಟ್ರಂಕನ್ನು ಅವಳು ಮನೆಗೆ ಒಯ್ಯುತ್ತಿದ್ದಳು.

"ಕಬಡ್ಡಿ ಮಾಸ್ತರ ಆ ಅಸಿಸ್ಟೆಂಟು ಹುಡುಗರ ಮೈಮೇಲೆ ಕೈ ಹಾಕ್ತಿದ್ದದ್ದು ಮಾಸ್ತರಿಗೆ ಗೊತ್ತಿತ್ತಾ, ಅಣ್ಣಾ?"

"ಗೊತ್ತಿತ್ತು. ಪ್ರಿನ್ಸಿಪಾಲರಿಗೆ ಚೀಟಿ ಬರೆದಿದ್ರು. ದೇವರಂಥ ಮನುಷ್ಯ. ಮೇಲಿನವರು ನೋಡ್ಕೊಳ್ತಾರೆ ಅಂದ್ಕೊಂಡ್ರು."

"ಗೆರೆ ತುಳಿದ್ರೆ ಆಟ ನಿಲ್ಲಿಸೋರು. ಇದಕ್ಕೆ ಬರೀ ಚೀಟಿಯಾ?"

ಸುಬ್ರಾಯ ಲಾಂಚು ಬಂತೇ ಎಂದು ಹೊಳೆಯತ್ತ ನೋಡಿದ. ನಾಗವೇಣಿ ಬಿಡಲಿಲ್ಲ.

"ಎಂತ ಇದ್ರೂ ಮಾಸ್ತರಿಗೆ ಹೇಳು ಅಂತ ಮಗನಿಗೆ ಕಲಿಸಿದ್ದು ನಾನೇ. ಚೀಟೀಲಿ ಅವನ ಹೆಸರಿತ್ತಾ?"

"ಇತ್ತು."

"ನಿಂಗೆ ಹ್ಯಾಂಗೆ ಗೊತ್ತು?"

"ಒಯ್ದು ಕೊಟ್ಟದ್ದು ನಾನೇ. ಓದಿದ್ದೆ. ಎರಡು ವರ್ಷ ಆತು."

"ನಂಗೆ ಹೇಳ್ಲಿಲ್ಲ."

"ಮಾಸ್ತರು ನೋಡ್ಕೊಳ್ತಾರೆ ಅಂದ್ಕೊಂಡೆ."

ಲಾಂಚು ಬಂತು. ಅವನು ಟ್ರಂಕಿಗೆ ಕೈ ಚಾಚಿದ. ಅವಳು ಕೊಡಲಿಲ್ಲ, ತಾನೇ ತಲೆಯ ಮೇಲಿಟ್ಟುಕೊಂಡು ಹಲಗೆ ಹತ್ತಿದಳು.