ಮೂರನೇ ಸಲ ಚುಚ್ಚಬಾರದು

ನಾನು ಹಳ್ಳೀಲಿ ಹುಟ್ಟಿ ಬೆಳೆದವನು. ಸ್ಮಶಾನದಲ್ಲಿ ಚಾಪೆ ಹಾಸಿಕೊಟ್ಟರೂ ಗೊರಕೆ ಹೊಡೀತೀನಿ. ಅಂಥ ನಾನೇ ಈಗ ಕತ್ತಲಾದ ಮೇಲೆ ನಮ್ಮೂರ ಹಾಳುಬಾವಿ ಕಡೆ ಕಾಲಿಡಲ್ಲ. ಯಾಕೆ ಅಂತ ಕೇಳಿ.

ನಮ್ಮ ದೊಡ್ಡಪ್ಪನ ಮಗ ಆಸ್ಪತ್ರೇಲಿ ರಕ್ತ ತೆಗೆಯೋ ಕೆಲಸದವನು. ಎಲ್ಲರೂ ಕರೆಯೋದು 'ಸೊಳ್ಳೆ' ಅಂತ. ಎಡಗೈ ತೋರುಬೆರಳಿಟ್ಟು ಒತ್ತಿದರೆ ಸಾಕು, ಕಣ್ಣಿಗೆ ಕಾಣದ ನರವೂ ಸಿಕ್ಕಿಬಿಡೋದು. ಅವನ ಹೊಟ್ಟೆಪಾಡೆಲ್ಲ ಆ ಬೆರಳಲ್ಲಿ. ಆ ಕೆಲಸಕ್ಕೊಂದು ನಿಯಮ ಇದೆ. ಎರಡು ಸಲ ಚುಚ್ಚಿ ರಕ್ತ ಬರದಿದ್ದರೆ ಸೂಜಿ ಕೆಳಗಿಟ್ಟು ಇನ್ನೊಬ್ಬರನ್ನ ಕರೀಬೇಕು. ನಮ್ಮ ಸೊಳ್ಳೆಗೆ ಅದು ಅವಮಾನ. ಆವತ್ತು ಒಬ್ಬ ಅಜ್ಜಿಗೆ ಒಂಬತ್ತು ಸಲ ಚುಚ್ಚಿದ್ದ. ತೋಳಿಗೆ ಬಿಗಿದ ರಬ್ಬರ್ ಪಟ್ಟೀನೂ ಬಿಚ್ಚದೆ, ಸೂಜಿ ಒಳಗಿಟ್ಟುಕೊಂಡೇ ಅತ್ತಿತ್ತ ಕೆದಕಿದ್ದ.

"ಸಾಕು ಬಿಡೋ ಮಗಾ..." ಅಂತ ಅಜ್ಜಿ ಅತ್ತಿದ್ದಳು.

ಕೆಲಸ ಮುಗಿಸಿ ಹೊರಡೋವಾಗ ನರ್ಸಕ್ಕ ಹೇಳಿದಳು, "ನಿನ್ನ ಆ ಅಜ್ಜಿ ಹೋಗಿಬಿಟ್ರು ಕಣೋ."

"ಹೋಗ್ಲಿ ಬಿಡಕ್ಕ, ನಾಳೆಗೊಂದು ಸೂಜಿ ಉಳೀತು," ಅಂದನಂತೆ. ನಾಲಿಗೆ ನೋಡಿ!

ಮನೆ ದಾರೀಲೇ ಆ ಬಾವಿ. ಕಟ್ಟೆ ದಾಟಬೇಕು... ಹಿಂದಿನಿಂದ 'ಚಟ್' ಅಂತು. ರಬ್ಬರ್ ಪಟ್ಟಿ ಎಳೆದು ಬಿಟ್ಟ ಸದ್ದು. ದಿನಕ್ಕೆ ನೂರು ಸಲ ಕೇಳೋನಿಗೆ ಗೊತ್ತಾಗಲ್ವಾ?

ತಿರುಗಿದ. ಯಾರೂ ಇಲ್ಲ... ಎಡತೋಳಿಗೆ ಏನೋ ಸುತ್ತಿಕೊಂಡಿತು. ಬಿಗೀತು. ಇನ್ನೂ ಬಿಗೀತು. ಕೈ ಕಪ್ಪಿಟ್ಟು ಉಬ್ಬಿತು. ಯಾರೋ ತಲೆಗೂದಲು ಹಿಡಿದು ಮುಖಾನ ಕಟ್ಟೆ ಕಲ್ಲಿಗೆ ಅಪ್ಪಳಿಸಿದರು. ಎರಡು ಹಲ್ಲು ಅಲ್ಲೇ ಉದುರಿದವು.

ಮೊಣಕೈ ಮಡಿಕೆ ಮೇಲೆ ತಣ್ಣನೆ ಬೆರಳು. ಟಪ್... ಟಪ್... ನರ ಹುಡುಕೋ ಹಾಗೆ.

"ಮುಷ್ಟಿ ಬಿಗಿ ಮಗಾ..." ಕಿವೀಲಿ ಪಿಸುಮಾತು.

"ಅಜ್ಜೀ, ತಪ್ಪಾಯ್ತು... ಈ ಕೈ ಹೋದ್ರೆ ನನ್ನ ಅನ್ನ ಹೋಗುತ್ತೆ..."

"ಸಿಗ್ತಿಲ್ವಲ್ಲೋ."

ಚುಚ್ಚಿತು. ಮೂಳೆಗೆ ತಗುಲಿ 'ಕರಕ್' ಅಂತು. ಒಳಗೇ ತಿರುವಿತು. ಮೇಲೆ, ಕೆಳಗೆ, ಅಡ್ಡ. ಮತ್ತೆ ಚುಚ್ಚಿತು. ಸೊಳ್ಳೆ ಒದ್ದ, ಕಚ್ಚಿದ, ಬಲಗೈಲಿ ಗುದ್ದಿದ. ಗುದ್ದೆಲ್ಲ ಕಲ್ಲಿಗೇ ಬಿತ್ತು. ಗೆಣ್ಣು ಒಡೆದು ರಕ್ತ ಸುರೀತು.

ಐದನೇ ಸಲಕ್ಕೆ ಅರಚಿದ, "ಬೇರೆಯವರನ್ನ ಕರಿ ಅಜ್ಜೀ!"

"ಕರದ್ರೆ... ನಂಗೆ ಅವಮಾನ ಅಲ್ವೇನೋ?"

ಒಂಬತ್ತು ಆಗೋವರೆಗೂ ಬಿಡಲಿಲ್ಲ.

ಬೆಳಗ್ಗೆ ಅವನನ್ನ ಹೊತ್ತು ತಂದವನು ನಾನೇ, ಇದೇ ಹೆಗಲ ಮೇಲೆ. ಬೇರೆ ಯಾರಿಗೂ ಅಲ್ಲಿಗೆ ಹೋಗೋ ಎದೆ ಇರಲಿಲ್ಲ. ದಾರಿ ಉದ್ದಕ್ಕೂ ಇಷ್ಟನ್ನೂ ಅವನ ಬಾಯಿಂದಲೇ ಕೇಳಿದೆ. ಗಾಯ ಎಲ್ಲ ಮಾಯ್ದವು. ಆದರೆ ಆ ಬೆರಳಿಗೆ ಈಗ ಯಾರ ನರವೂ ತಿಳಿಯಲ್ಲ. ಆಸ್ಪತ್ರೆ ಬಾಗಿಲಲ್ಲಿ ಚೀಟಿ ಹರಿದು ಕೊಡ್ತಾ ಕೂತಿರ್ತಾನೆ.

ಕತೆ ಕಟ್ಟೋ ಜಾಯಮಾನ ನಂದಲ್ಲ. ಅವನ ಎಡಗೈ ಬೆಚ್ಚಗಿದೆ, ನಾಡಿ ಸರಿಯಾಗಿ ಬಡೀತಿದೆ. ದೊಡ್ಡ ಡಾಕ್ಟರು ಚುಚ್ಚಿ ನೋಡಿದರು. ಆಮೇಲೆ ನಾನೇ ಚುಚ್ಚಿದೆ, ಗೋಣಿಚೀಲ ಹೊಲಿಯೋ ದಬ್ಬಳದಲ್ಲಿ.

ಒಂದು ತೊಟ್ಟೂ ರಕ್ತ ಬರಲಿಲ್ಲ.