ರೋಲು ಮುಗಿದ ಮೇಲೆ ತೆಗೆದ ಫೋಟೋ

ಹೋಟೆಲಿನ ಹಿಂದಿನ ಬಾವಿ ಹತ್ತಿರ ಬಂದಾಗ ಲೀಲಾಧರನ ಚೀಲದೊಳಗಿನಿಂದ ಫ್ಲ್ಯಾಶ್ ಚಾರ್ಜ್ ಆಗುವ ಸದ್ದು ಕೇಳಿತು.

ಕುಂ... ಈಂ... ಯ್... ಎಂದು ಸಣ್ಣಗೆ ಏರುತ್ತಾ ಹೋಗುತ್ತದಲ್ಲ, ಅದು. ಸೊಳ್ಳೆ ಕಿವಿಯೊಳಗೆ ಹೊಕ್ಕ ಹಾಗೆ. ಅವನು ನಿಂತ. ಕೆಲಸ ಮುಗಿದ ಕೂಡಲೇ ಫ್ಲ್ಯಾಶಿನ ಸೆಲ್ಲು ತೆಗೆದು ಕಿಸೆಗೆ ಹಾಕುವುದು ಅವನ ರೂಢಿ. ಕಿಸೆ ಮುಟ್ಟಿ ನೋಡಿದ. ಸೆಲ್ಲು ಅಲ್ಲೇ ಇತ್ತು.

ಸದ್ದು ಏರುತ್ತಲೇ ಇತ್ತು.

ಲೀಲಾಧರ ಎಂದರೆ ನನ್ನ ಸರಸ ಚಿಕ್ಕಮ್ಮನ ಮಗ. ಕಾಪುವಿನ ಕಡಲ ಬದಿಯಲ್ಲಿ ಮನೆ. ಮನೆಯ ಗಂಡಸರೆಲ್ಲ ದೋಣಿಯವರು, ಇವನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಅದಕ್ಕೆ ಉಡುಪಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು ಕ್ಯಾಮೆರಾ ಹಿಡಿದ. ಎಂಬತ್ತನೇ ಇಸವಿಯ ಆಚೀಚೆ ಇರಬೇಕು, ಬಣ್ಣದ ಫೋಟೋ ಊರಿಗೆ ಆಗಷ್ಟೇ ಬಂದಿತ್ತು. ಕಮಲ ಎಂಬ ಹುಡುಗಿಯೊಂದಿಗೆ ಅವನಿಗೆ ನಿಶ್ಚಯವೂ ಆಗಿತ್ತು. ಒಳ್ಳೆ ಬಾಯಿಯ ಹುಡುಗಿ, ಅವನಿಗೆ ಸರಿಯಾದವಳು.

ಆ ಹೋಟೆಲು ಮೊದಲು ಹೋಟೆಲಲ್ಲ. ರಂಪಣಿ ಮೀನುಬಲೆಯ ದೊಡ್ಡ ಯಜಮಾನರೊಬ್ಬರ ಬಂಗ್ಲೆ, ನಮ್ಮವರೇ. ಅವರು ಅದನ್ನು ಮಾರಿ ಎಲ್ಲಿಗೋ ಹೋದ ಮೇಲೆ ಬೊಂಬಾಯಿಯಲ್ಲಿ ದುಡಿದು ಬಂದವರೊಬ್ಬರು ತೆಗೆದುಕೊಂಡು, ಕೆಳಗೆ ಊಟದ ಹೋಟೆಲು, ಮೇಲೆ ಮದುವೆಯ ಹಾಲ್ ಮಾಡಿದರು. ಅಲ್ಲಿಯ ಚಂದ ಎಂದರೆ ಮೆಟ್ಟಿಲು. ಕಾರ್ಕಳದ ಕರಿಕಲ್ಲು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು, ನಡುವಿನಲ್ಲಿ ಒಂದು ತಿರುವು. ದುಬೈಯಿಂದ ಬಂದವರಿರಲಿ, ಬೊಂಬಾಯಿಯವರಿರಲಿ, ಆ ತಿರುವಿನಲ್ಲಿ ಜೋಡಿ ನಿಂತು ಫೋಟೋ ತೆಗೆಸದಿದ್ದರೆ ಮದುವೆ ಆದ ಹಾಗೆಯೇ ಅಲ್ಲ.

ಮದುವೆ ಫೋಟೋದವರಲ್ಲಿ ಒಂದು ಉಪಾಯ ಉಂಟು. ರೋಲು ಮುಗಿದಿರುತ್ತದೆ, ಜನ ಮುಗಿದಿರುವುದಿಲ್ಲ. ಹುಡುಗನ ದೊಡ್ಡಮ್ಮ ಬರುತ್ತಾರೆ, ಅವರ ನೆರೆಮನೆಯವರು ಬರುತ್ತಾರೆ. ಇಲ್ಲ ಎಂದರೆ ಮುಖ ದಪ್ಪ ಮಾಡುತ್ತಾರೆ. ಆಗ ಸುಮ್ಮನೆ ಖಾಲಿ ಫ್ಲ್ಯಾಶ್ ಹೊಡೆಯುವುದು. ಟಕ್ ಎನ್ನುತ್ತದೆ, ಬೆಳಕು ಬೀಳುತ್ತದೆ, ಅವರು ಸಂತೋಷದಲ್ಲಿ ಊಟಕ್ಕೆ ಹೋಗುತ್ತಾರೆ. ಫೋಟೋ ಯಾವಾಗ ಸಿಗುತ್ತದೆ ಎಂದು ಕೇಳಿದರೆ ಬರುವ ವಾರ ಎನ್ನುವುದು. ಲೀಲಾಧರ ಅದನ್ನು ನಮಗೆ ನಟನೆ ಮಾಡಿ ತೋರಿಸುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಆ ರಾತ್ರಿ ಮದುವೆ ಮುಗಿದು ಹಾಲ್ ಖಾಲಿಯಾಗಿ, ಇವನು ಸಾಮಾನು ಕಟ್ಟುವಾಗ ಮೆಟ್ಟಿಲಿನ ತಿರುವಿನಲ್ಲಿ ಒಬ್ಬಳು ನಿಂತಿದ್ದಳು. ಕೆಂಪು ಸೀರೆ, ತಲೆ ತುಂಬ ಮಲ್ಲಿಗೆ. ಹೆಣ್ಣಿನ ಕಡೆಯವಳು ಎಂದುಕೊಂಡ.

"ನನ್ನದೊಂದು ತೆಗೆಯಿರಿ," ಎಂದಳಂತೆ.

"ನಿಲ್ಲಿ, ನಿಲ್ಲಿ. ಅದಕ್ಕೆ ಎಂತ."

"ಒಬ್ಬಳೇ ನಿಂತರೆ ಆಗುವುದಿಲ್ಲ."

"ಮತ್ತೆ ಜೋಡಿ ಎಲ್ಲಿಂದ ತರುವುದು ಈ ಹೊತ್ತಿಗೆ?"

ಅವಳು ಇವನನ್ನೇ ನೋಡಿದಳು...

ಇವನಿಗೆ ತಮಾಷೆ ಹೆಚ್ಚು. ರೋಲು ಹೇಗೂ ಇಲ್ಲ, ಹೋಗುವುದು ಎಂತ? ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ತಾನೇ ಹೊಡೆಯುವ ಸ್ಪ್ರಿಂಗು ತಿರುಗಿಸಿ, ಓಡಿ ಹೋಗಿ ಅವಳ ಪಕ್ಕದಲ್ಲಿ ನಿಂತ. ಜ್‌ರ್‌ರ್‌ರ್... ಎಂದು ಸ್ಪ್ರಿಂಗು ಬಿಚ್ಚುತ್ತಿತ್ತು. ಅವಳು ಮೆಲ್ಲ ಇವನ ಕೈ ಹಿಡಿದಳು. ಕೈ ಹಿಡಿದಾಗ ಮೇಲಿನಿಂದ ಯಾರೋ ನೀರು ಬಿಟ್ಟ ಹಾಗಾಯಿತು. ತಣ್ಣಗೆ, ಸಪೂರ ಧಾರೆ.

ಟಕ್.

ಬೆಳಕು ಹೋದ ಮೇಲೆ ಕಣ್ಣುಜ್ಜಿ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಕೆಳಗಿಳಿದ ಹೆಜ್ಜೆ ಸದ್ದೂ ಇಲ್ಲ. ಅಂಗೈಯಲ್ಲಿ ಮಾತ್ರ ನೀರು.

ನಮ್ಮಲ್ಲಿ ಮದುವೆ ಎಂದರೆ ಅದೇ ಅಲ್ವಾ? ಕೈ ಮೇಲೆ ಕೈ ಇಟ್ಟು ನೀರು ಬಿಟ್ಟರೆ ಮುಗಿಯಿತು. ಅವನಿಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಊಟ ಮಾಡಿ ಕೈ ತೊಳೆದು ಬಂದವಳಿರಬೇಕು ಎಂದುಕೊಂಡು ಹೊರಟ.

ಆಮೇಲೆ ಬಾವಿ ಹತ್ತಿರ ಆ ಸದ್ದು. ಏರಿ ಏರಿ... ಒಮ್ಮೆಲೇ ನಿಂತಿತು. ಚೀಲದೊಳಗಿಂದ ಫ್ಲ್ಯಾಶ್ ಹೊಡೆಯಿತು. ಆ ಬೆಳಕಿನಲ್ಲಿ ಬಾವಿಯ ಕಟ್ಟೆ ಕಂಡಿತು, ಕಟ್ಟೆಯ ಮೇಲೆ ಕುಳಿತ ಕೆಂಪು ಸೀರೆ ಕಂಡಿತು. ಮತ್ತೆ ಕತ್ತಲೆ. ಕಿವಿಯ ಹತ್ತಿರವೇ ಪಿಸುಮಾತು...

"ಫೋಟೋ ಯಾವಾಗ ಸಿಗುತ್ತದೆ?"

ಹೆದರಿದ ಬಾಯಿಗೆ ರೂಢಿಯ ಮಾತೇ ಬಂತು. "ಬರುವ ವಾರ," ಎಂದುಬಿಟ್ಟ.

ಬರುವ ವಾರ ಬಂತು. ಅವಳೂ ಬಂದಳು. ಇವನು ಮಲಗುವ ಕೋಣೆಯ ಕಿಟಕಿಯ ಹೊರಗೆ, ಅದೇ ಕುಂ... ಈಂ... ಯ್... ಆಮೇಲೆ ಅದೇ ಪ್ರಶ್ನೆ. ಅಂಗೈ ಒಣಗಲೇ ಇಲ್ಲ. ಒರೆಸಿದರೆ ಮತ್ತೆ ಒದ್ದೆ. ಅನ್ನ ಕಲಸಿದರೆ ಗಂಜಿಯಾಗುತ್ತಿತ್ತು. ಇವನು ಸೊರಗಿ ಹೋದ. ಕೊನೆಗೆ ನನ್ನ ಹತ್ತಿರ ಬಂದು ಎಲ್ಲ ಹೇಳಿದ.

"ಅಕ್ಕ, ಇಲ್ಲದ ಫೋಟೋ ನಾನು ಎಲ್ಲಿಂದ ಕೊಡಲಿ?"

ಆ ಕೈಯನ್ನು ನಾನೇ ಹಿಡಿದು ನೋಡಿದ್ದೇನೆ. ಬಾವಿಯಿಂದ ಆಗಷ್ಟೇ ಎತ್ತಿದ ಕೊಡದ ಹಾಗೆ ಇತ್ತು.

ಹೋಟೆಲಿನ ರಾತ್ರಿ ಕಾವಲು ಪುತ್ತುಬ್ಬನದ್ದು. ಬ್ಯಾರಿ ಮುಸ್ಲಿಮರು, ತುಂಬ ಪ್ರಾಯ ಆದವರು. ಆ ಬಂಗ್ಲೆಯಲ್ಲಿ ಜನ ಇದ್ದ ಕಾಲದಲ್ಲಿ ಅಲ್ಲಿಗೆ ಸೌದೆ ಹಾಕುತ್ತಿದ್ದವರು. ನಾನೂ ಸರಸ ಚಿಕ್ಕಮ್ಮನೂ ಹೋಗಿ ಕೇಳಿದೆವು. ಅವರು ಬೀಡಿ ನಂದಿಸಿ, ಸ್ವರ ಸಣ್ಣದು ಮಾಡಿದರು.

"ವಾರಿಜಾ ಅಂತ. ಆ ಮನೆಯ ಮಗಳು. ಮದುವೆ ದಿನ ಗಂಡಿನ ದಿಬ್ಬಣ ಬರಲೇ ಇಲ್ಲ, ಅಮ್ಮ. ಹುಡುಗ ಬೇರೆ ಎಲ್ಲಿಗೋ ಓಡಿದ. ಇವಳು ಸಿಂಗಾರ ಮಾಡಿಕೊಂಡು ಮೆಟ್ಟಿಲಿನ ತಿರುವಿನಲ್ಲಿ ನಿಂತವಳು ಕೆಳಗೆ ಬರಲಿಲ್ಲ, ಮೇಲೆ ಹೋಗಲಿಲ್ಲ. ಬೆಳಿಗ್ಗೆ ಬಾವಿಯಲ್ಲಿ ಸಿಕ್ಕಿದಳು."

"ಅವರ ಮನೆಯವರು ಅವಳಿಗೆ ಕುಲೆ ಮದುವೆ ಮಾಡಿಸಲಿಲ್ಲವಾ?" ಚಿಕ್ಕಮ್ಮ ಕೇಳಿದರು.

"ನಾಚಿಕೆಯಲ್ಲಿ ಮನೆ ಮಾರಿ ಹೋದವರು ಅದೆಲ್ಲ ಎಲ್ಲಿ ಮಾಡಿಸುವುದು?"

ಮದುವೆಯಾಗದೆ ಸತ್ತವರಿಗೆ ನಮ್ಮ ಕಡೆ ಮದುವೆ ಮಾಡಿಸಬೇಕು. ಸತ್ತ ಹೆಣ್ಣಿಗೆ ಸತ್ತ ಗಂಡನ್ನೇ ಹುಡುಕಿ, ಗೋತ್ರದ ಹಾಗಿರುವ ಬಳಿ ನೋಡಿ, ಮಳೆಗಾಲದ ಆಟಿ ತಿಂಗಳಲ್ಲಿ ಮಾಡಿಸುವುದು. ಮಾಡಿಸದಿದ್ದರೆ ಅವರು ತಾವಾಗಿ ಹುಡುಕಿಕೊಳ್ಳುತ್ತಾರೆ. ಲೀಲಾಧರನ ಮದುವೆ ಇದ್ದದ್ದು ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ. ಅದಕ್ಕೆ ಮೊದಲು ವಾರಿಜಾಳನ್ನು ದಾಟಿಸಿಬಿಡಬೇಕು ಎಂದು ಚಿಕ್ಕಮ್ಮ ಹಟ ಹಿಡಿದರು. ಸಂತೆಕಟ್ಟೆ ಕಡೆಯ ಒಂದು ಮನೆಯವರ ಹುಡುಗ ಮದುವೆಗೆ ಮೊದಲೇ ಹೊಳೆಯಲ್ಲಿ ಮುಳುಗಿ ಹೋಗಿದ್ದ. ಅವರಿಗೂ ಇಂಥದ್ದೇ ಬೇಕಿತ್ತು, ಒಪ್ಪಿದರು.

ನಮ್ಮ ಅಂಗಳದಲ್ಲೇ ಆಯಿತು. ಎರಡು ಮಣೆ. ಒಂದರ ಮೇಲೆ ಹೊಸ ಸೀರೆ, ಬಳೆ, ಶಂಕರಪುರದ ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. ಊರಿನ ಮುಖ್ಯಸ್ಥ, ಗುರಿಕಾರ ಕಿಟ್ಟಣ್ಣ ಸೀರೆಯ ಸೆರಗನ್ನು ಶಾಲಿನ ಮೇಲೆ ಇಟ್ಟು, ಗಿಂಡಿ ಬಗ್ಗಿಸಿ ಧಾರೆ ಬಿಟ್ಟರು. ನೀರು ಬಿದ್ದದ್ದನ್ನು ಎಲ್ಲರೂ ನೋಡಿದ್ದೇವೆ.

ಸೀರೆ ಒದ್ದೆಯಾಗಲಿಲ್ಲ.

ಕಿಟ್ಟಣ್ಣ ಇನ್ನೊಮ್ಮೆ ಬಿಟ್ಟರು. ಗಿಂಡಿ ಬರಿದಾಯಿತು. ಸೀರೆ, ಶಾಲು, ಮಣೆ, ಮಣೆಯ ಕೆಳಗಿನ ನೆಲ, ಎಲ್ಲ ಒಣಗಿದ್ದು. ಆಗ ಒಂದು ಸದ್ದು ಕೇಳಿತು. ತೊಟ್... ತೊಟ್... ತೊಟ್... ಅತ್ತ ತೆಂಗಿನ ಮರದ ಬುಡದಲ್ಲಿ ಲೀಲಾಧರ ನಿಂತಿದ್ದ. ಮುಚ್ಚಿದ ಮುಷ್ಟಿಯಿಂದ ನೀರು ಸುರಿಯುತ್ತಿತ್ತು.

ಕಿಟ್ಟಣ್ಣ ಗಿಂಡಿ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಸರಸ, ಇದು ಆಗಿ ಹೋದ ಮದುವೆ. ನಾನು ಎರಡನೆಯದ್ದು ಮಾಡಿಸುವವನಲ್ಲ."

ಇಂಥ ಸುದ್ದಿ ನಿಲ್ಲುತ್ತದಾ? ಕಮಲನ ಅಪ್ಪ ಮದುವೆ ಬೇಡ ಎಂದರು. ಕಮಲ ಒಪ್ಪಲಿಲ್ಲ. ಬಸ್ಸು ಹತ್ತಿ ಒಬ್ಬಳೇ ಬಂದು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದಳು.

"ನಿಮ್ಮ ಆ ಮೆಟ್ಟಿಲಿನ ರಾಣಿಗೆ ಹೇಳಿ. ನನಗೆ ನಿಶ್ಚಯ ಆದದ್ದು ಮೊದಲು. ಅವಳು ಬೇಕಾದರೆ ಸಾಲಿನಲ್ಲಿ ನಿಲ್ಲಲಿ."

ಲೀಲಾಧರ ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು. "ಅವಳು ಸಾಲಿನಲ್ಲಿ ನಿಲ್ಲುವವಳಲ್ಲ ಮಾರಾಯ್ತಿ," ಎಂದ.

"ಹಾಗಾದರೆ ನಾನೂ ಅಲ್ಲ," ಎಂದಳು ಕಮಲ.

ಆ ಮಾತು ಅವನಿಗೆ ಧೈರ್ಯ ಕೊಟ್ಟಿತು. ಧೈರ್ಯ ಬರದಿದ್ದರೆ ಬದುಕುತ್ತಿದ್ದನೋ ಎಂತದೋ. ಮಗಳ ಹಟಕ್ಕೆ ಕಮಲನ ಅಪ್ಪನೂ ಸೋತು ಮದುವೆಗೆ ಒಪ್ಪಿದರು. ಮದುವೆಯ ಹಿಂದಿನ ಸಂಜೆ, ಮನೆ ತುಂಬ ನೆಂಟರು ಇರುವಾಗ, ಇವನು ಯಾರಿಗೂ ಹೇಳದೆ ಕ್ಯಾಮೆರಾಕ್ಕೆ ಹೊಸ ರೋಲು ಹಾಕಿ ಹೋಟೆಲಿಗೆ ಹೋದ. ಪುತ್ತುಬ್ಬನ ಹತ್ತಿರ ಹೇಳಿದ್ದು ಇಷ್ಟೇ.

"ಅವಳು ಕೇಳಿದ್ದು ಒಂದು ಫೋಟೋ. ನಿಜವಾದದ್ದು ಒಂದು ತೆಗೆದು ಕೊಟ್ಟರೆ ಬಿಡುತ್ತಾಳೆ. ನಾಳೆ ಕಮಲನ ಕೈ ಒಣಗಿದ ಕೈಯಲ್ಲಿ ಹಿಡಿಯಬೇಕು, ಪುತ್ತುಬ್ಬಣ್ಣ."

ಪುತ್ತುಬ್ಬ ಬೇಡ ಎಂದರಂತೆ. ಇವನು ಕೇಳಲಿಲ್ಲ, ಮೇಲೆ ಹೋದ. ಮುಂದಿನದ್ದು ಅವರು ಕೆಳಗೆ ನಿಂತು ಕೇಳಿಸಿಕೊಂಡದ್ದು. ಸ್ಟ್ಯಾಂಡಿನ ಕಾಲು ಕಲ್ಲಿನ ಮೇಲೆ ಕಿರ್ರ್ ಎಂದದ್ದು. ಫ್ಲ್ಯಾಶ್ ಏರಿದ್ದು. ಜ್‌ರ್‌ರ್‌ರ್... ಟಕ್. ಆಮೇಲೆ ಲೀಲಾಧರನ ಸ್ವರ, ಮದುವೆ ಮನೆಯಲ್ಲಿ ಜೋಡಿಗಳಿಗೆ ಹೇಳುವ ಹಾಗೆ.

"ಇನ್ನು ಸ್ವಲ್ಪ ಹತ್ತಿರ... ಹಾಂ... ಹೆದರುವುದು ಎಂತಕ್ಕೆ?"

ಟಕ್. ಟಕ್. ಟಕ್. ಮೆಟ್ಟಿಲಿನ ಗೋಡೆಯ ಮೇಲೆ ಬೆಳಕು ಬೀಳುತ್ತಲೇ ಇತ್ತು. ಪುತ್ತುಬ್ಬ ಕೆಳಗಿನಿಂದ ಕೂಗಿ ಕರೆದರು. ಮೆಟ್ಟಿಲಿಗೆ ಕಾಲಿಡಲು ಹೋದರೆ ಕರಿಕಲ್ಲಿನ ಮೇಲಿನಿಂದ ನೀರು ಇಳಿದು ಬರುತ್ತಿತ್ತು. ಅವರು ನಮ್ಮ ಮನೆಗೆ ಓಡಿ ಬಂದರು. ನಾವು ಗ್ಯಾಸ್‌ಲೈಟು ಹಿಡಿದು ಹೋಗುವಾಗ ನೀರೂ ಇರಲಿಲ್ಲ, ಬೆಳಕೂ ಇರಲಿಲ್ಲ. ತಿರುವಿನಲ್ಲಿ ಗೋಡೆಗೆ ಒರಗಿ ಲೀಲಾಧರ ಕುಳಿತಿದ್ದ. ಮೈ ತಣ್ಣಗಾಗಿತ್ತು. ಕಣ್ಣು ಕ್ಯಾಮೆರಾದ ಕಡೆಗೇ ಇತ್ತು, ಮುಖದಲ್ಲಿ ಫೋಟೋಕ್ಕೆ ನಗುವವರ ನಗೆ. ಡಾಕ್ಟರು ಹೃದಯ ನಿಂತದ್ದು ಎಂದರು.

ಆ ರೋಲನ್ನು ಉಡುಪಿಯಲ್ಲಿ ತೊಳೆಸಿದೆವು. ಒಂದೂ ಬಿದ್ದಿರಲಿಲ್ಲ. ಸ್ಟುಡಿಯೋದವರು ರೋಲು ಕ್ಯಾಮೆರಾದೊಳಗೆ ತಿರುಗಿಯೇ ಇಲ್ಲ ಎಂದರು.

ಕಮಲ ಎರಡು ವರ್ಷ ಯಾರನ್ನೂ ಒಪ್ಪಲಿಲ್ಲ. ಆಮೇಲೆ ಬಜಗೋಳಿ ಕಡೆಗೆ ಮದುವೆಯಾಗಿ ಹೋದಳು. ಚೆನ್ನಾಗಿದ್ದಾಳೆ. ಅವಳ ಮದುವೆಯಲ್ಲಿ ಫೋಟೋ ತೆಗೆಸಲಿಲ್ಲ.

ಇನ್ನು ಇದನ್ನು ಕೇಳಿ. ಮಾರನೆಯ ವರ್ಷ ಆಟಿಯಲ್ಲಿ ಸರಸ ಚಿಕ್ಕಮ್ಮ ಮಗನಿಗೆ ಬಡಿಸಿದರು. ಸತ್ತವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕುಳಿತುಕೊಳ್ಳುವುದು ನಮ್ಮಲ್ಲಿ ಉಂಟು. ಕೋಳಿ ಸಾರು, ರೊಟ್ಟಿ, ಅವನಿಗೆ ಇಷ್ಟದ ಬಂಗುಡೆ. ಆ ಕೋಣೆಗೆ ಒಂದೇ ಬಾಗಿಲು. ಬಾಗಿಲಿಗೆ ಅಡ್ಡವಾಗಿ ನಾವಿಬ್ಬರೂ ಕುಳಿತಿದ್ದೆವು. ಒಳಗೆ ಎಲೆ ಸರಿದ ಸದ್ದು ಒಮ್ಮೆ ಕೇಳಿತು... ಸರ್ರ್... ಅಷ್ಟೇ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದೆವು. ನಾವು ಹಾಕಿದ ಎಲೆ ಹಾಕಿದಲ್ಲೇ ಇತ್ತು. ಅದರ ಪಕ್ಕದಲ್ಲಿ, ಅಂಚಿಗೆ ಅಂಚು ತಾಗಿಸಿ, ಇನ್ನೊಂದು ಎಲೆ. ರೊಟ್ಟಿ ಎರಡು ತುಂಡಾಗಿ, ಅರ್ಧ ಇದರಲ್ಲಿ, ಅರ್ಧ ಅದರಲ್ಲಿ.

ಚಿಕ್ಕಮ್ಮ ಅಳಲಿಲ್ಲ. ಬಾಗಿಲು ಪುನಃ ಮುಚ್ಚಿದರು.

ನಾನು ಹಿತ್ತಿಲಿಗೆ ಹೋಗಿ ಬಾಳೆಗಿಡ ನೋಡಿದೆ. ಎಲೆ ಕೊಯ್ದವಳು ನಾನೇ ತಾನೇ? ಊರಿಡೀ ಸುಳ್ಳು ಹೇಳಬಹುದು, ನನ್ನ ಕತ್ತಿ ಹೇಳುವುದಿಲ್ಲ. ಗಿಡದಲ್ಲಿ ಕೊಯ್ದ ಗುರುತು ಒಂದೇ ಇತ್ತು.